ಥ್ರಾಟಲ್ ಬಾಡಿಯ ಮಸಿ: ಡಬ್ಬಿ ಮೇಲೋ, ಬಟ್ಟೆ ಮೇಲೋ?

ಎಂಜಿನ್‌ಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ಬಾಡಿಯನ್ನು ತೊಳೆಯಲು ಯಾವ ಸ್ಪ್ರೇ ಒಳ್ಳೆಯದು ಎಂಬುದೇ ಎಲ್ಲರ ಮೊದಲ ಪ್ರಶ್ನೆ. ನನ್ನ ಹಳೆಯ ಪೆಟ್ರೋಲ್ ಪಿಕಪ್‌ ಮೇಲೆ ಬೇರೆ ಬೇರೆ ದಾರಿ, ಬೇರೆ ಬೇರೆ ದ್ರಾವಕ ಹಿಡಿದು ನೋಡಿದ ಮೇಲೆ ನನಗೆ ಖಚಿತವಾದದ್ದು ಇಷ್ಟು: ಸ್ಪ್ರೇ ಡಬ್ಬಿಯ ಜಗಳ ಆಮೇಲಿನದು. ಮಸಿ ಕೂತಿರುವ ಜಾಗಕ್ಕೆ ಕೈ ಮುಟ್ಟುತ್ತದೆಯೇ ಎಂಬುದು ಮೊದಲಿನದು.

ಗಾಡಿಯ ತಕರಾರು ಮಾಮೂಲಿಯದೇ. ಪೆಡಲ್‌ನಿಂದ ಕಾಲು ತೆಗೆದರೆ ಆರ್‌ಪಿಎಂ ಮುಳ್ಳು 500ರ ಆಸುಪಾಸಿಗೆ ಕುಸಿದು ಎಂಜಿನ್ ನಡುಗುತ್ತಿತ್ತು, ಕೆಲವೊಮ್ಮೆ ಆರಿಯೇ ಹೋಗುತ್ತಿತ್ತು. ಪೆಡಲ್ ಕೂಡ ಮೊದಲು ಅಂಟಿಕೊಂಡು, ತುಸು ಬಲ ಹಾಕಿದರೆ ಫಕ್ಕನೆ ಬಿಟ್ಟುಕೊಡುತ್ತಿತ್ತು. ಕೇಬಲ್ ಎಳೆದು ತೆರೆಯುವ ಹಳೆಯ ಬಗೆಯ ಥ್ರಾಟಲ್ ಇದು. ಒಳಗೆ ದುಂಡನೆಯ ಕೊಳವೆ, ಅದರ ನಡುವೆ ಅಕ್ಷದ ಮೇಲೆ ತಿರುಗುವ ತಟ್ಟೆ. ಕಾಲು ತೆಗೆದಾಗ ತಟ್ಟೆ ಮುಚ್ಚಿ, ಅಂಚಿನ ಸುತ್ತ ಕೂದಲೆಳೆಯಷ್ಟು ಸಂದು ಮಾತ್ರ ಉಳಿಯುತ್ತದೆ. ಐಡ್ಲಿಂಗ್‌ಗೆ, ಅಂದರೆ ಪೆಡಲ್ ಒತ್ತದಿದ್ದಾಗಲೂ ಎಂಜಿನ್ ನಿಧಾನವಾಗಿ ಓಡುತ್ತಿರಲು, ಬೇಕಾದ ಗಾಳಿ ಆ ಸಂದಿನಿಂದ ಮತ್ತು ಪಕ್ಕದಲ್ಲಿರುವ ಐಡಲ್ ಕಂಟ್ರೋಲ್ ಕವಾಟದ ಕಿರುದಾರಿಯಿಂದ ಹೋಗಬೇಕು. ಅಲ್ಲಿ ತೆಳುವಾದ ಪದರ ಕಟ್ಟಿದರೂ ಎಂಜಿನ್‌ಗೆ ಉಸಿರು ಕಟ್ಟುತ್ತದೆ.

ಈ ಮಸಿ ಹೊರಗಿನ ಧೂಳಲ್ಲ. ಧೂಳನ್ನು ಏರ್ ಫಿಲ್ಟರ್ ತಡೆಯುತ್ತದೆ. ಇದು ಒಳಗಿನಿಂದಲೇ ಬರುವಂಥದ್ದು: ಪಿಸಿವಿ ಕವಾಟ ಎಂಜಿನ್‌ನ ತಳದ ಕ್ರ್ಯಾಂಕ್‌ಕೇಸ್‌ನಿಂದ ಎಳೆದು ತರುವ ಎಣ್ಣೆಯ ಆವಿ, ಇಜಿಆರ್ (ಎಕ್ಸಾಸ್ಟ್ ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ಮರಳಿಸುವ ವ್ಯವಸ್ಥೆ) ಇರುವ ಗಾಡಿಗಳಲ್ಲಿ ಅದರ ಜೊತೆಗೆ ಹೊಗೆ. ಎಂಜಿನ್ ಆರಿಸಿದ ಮೇಲೆ, ಥ್ರಾಟಲ್‌ನಿಂದ ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ನಲ್ಲಿ ಉಳಿದ ಆವಿ ಹಿಂದಕ್ಕೆ ತೇಲಿ ಬಂದು ತಟ್ಟೆಯ ಬೆನ್ನಿಗೂ ಅದರ ಅಂಚಿಗೂ ಅಂಟುತ್ತದೆ. ಹಾಗಾಗಿ ಮುಂದಿನ ಗಾಳಿಯ ಕೊಳವೆ ಬಿಚ್ಚಿ ಮುಂದಿನಿಂದ ಇಣುಕಿದವರಿಗೆ ತಟ್ಟೆ ಬಹುತೇಕ ಶುಚಿಯಾಗಿಯೇ ಕಾಣುತ್ತದೆ. ಕೊಳೆ ಇರುವುದು ಬೆನ್ನ ಹಿಂದೆ.

ಇಷ್ಟು ಗೊತ್ತಿದ್ದರೆ ಮೊದಲ ದಾರಿಯ, ಅಂದರೆ ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿಯ, ಕಥೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಮಲ್ಟಿಪಾಯಿಂಟ್ ಇಂಜೆಕ್ಷನ್ ಇರುವ ಎಂಜಿನ್‌ನಲ್ಲಿ ಪೆಟ್ರೋಲ್ ಚಿಮ್ಮುವುದು ಇನ್‌ಟೇಕ್ ಕವಾಟದ ಬಾಗಿಲಲ್ಲಿ, ಥ್ರಾಟಲ್ ದಾಟಿದ ಮೇಲೆ. ಟ್ಯಾಂಕಿಗೆ ಏನೇ ಸುರಿದರೂ ಅದು ತಟ್ಟೆಯನ್ನು ಮುಟ್ಟುವುದಿಲ್ಲ. ನಾನು ಹಾಕಿ ನೋಡಿದೆ. ಪೆಡಲ್ ಅಂಟುವುದು ಅಂಟುತ್ತಲೇ ಇತ್ತು. 1987ರಿಂದ 1995ರವರೆಗಿನ ಶೆವ್ರೊಲೆ ಪಿಕಪ್‌ಗಳ ಟಿಬಿಐ (ಥ್ರಾಟಲ್ ಬಾಡಿ ಇಂಜೆಕ್ಷನ್) ಎಂಜಿನ್‌ಗಳ ಲೆಕ್ಕ ಬೇರೆ. ಅವುಗಳಲ್ಲಿ ಇಂಜೆಕ್ಟರ್‌ಗಳು ಥ್ರಾಟಲ್ ಬಾಡಿಯ ನೆತ್ತಿಯ ಮೇಲೇ ಇದ್ದು, ಪೆಟ್ರೋಲ್ ತಟ್ಟೆಯ ಮೇಲೇ ಬೀಳುತ್ತದೆ.

ಎರಡನೆಯ ದಾರಿ, ಎಂಜಿನ್ ಓಡುತ್ತಿರುವಾಗಲೇ ಸ್ಪ್ರೇ ಹೊಡೆಯುವುದು. ಸೋಮಾರಿಗೆ ಇಷ್ಟವಾಗುವ ದಾರಿ, ನನಗೂ ಇಷ್ಟವಾಗಿತ್ತು. ಎಂಜಿನ್ ಆರದಂತೆ ಒಬ್ಬರು 1,500 ಆರ್‌ಪಿಎಂ ಹತ್ತಿರ ಪೆಡಲ್ ಹಿಡಿದಿರಬೇಕು, ಇನ್ನೊಬ್ಬರು ಚೂರು ಚೂರೇ ಹೊಡೆಯಬೇಕು. ಆಸೆಬುರುಕತನದಿಂದ ಒಂದೇ ಸಮನೆ ಹೊಡೆದರೆ ದ್ರವ ಮ್ಯಾನಿಫೋಲ್ಡ್‌ನ ತಗ್ಗಿನಲ್ಲಿ ನಿಂತು, ಸಿಲಿಂಡರ್‌ಗೆ ಇಳಿದರೆ ಕನೆಕ್ಟಿಂಗ್ ರಾಡನ್ನೇ ಬಗ್ಗಿಸಬಹುದು. ಒಳಬರುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರ್‌ಗಿಂತ ಮುಂಚೆ ಹೊಡೆದರೆ ಅದರ ಸೂಕ್ಷ್ಮ ತಂತಿ ಹಾಳು. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಹೊತ್ತಿಕೊಳ್ಳುವ ದ್ರಾವಕ ಎಂಬ ಭಯ ಬೇರೆ. ಇಷ್ಟೆಲ್ಲ ಜೋಪಾನ ಮಾಡಿ ದಕ್ಕಿದ್ದೇನು? ಅಂಚಿನ ಮಸಿ ತುಸು ತೊಳೆದುಹೋಯಿತು, ಐಡ್ಲಿಂಗ್ ಕೆಲವು ದಿನ ಸುಧಾರಿಸಿತು. ಆಮೇಲೆ ಟಾರ್ಚ್ ಹಿಡಿದು ತಟ್ಟೆ ತೆರೆದು ನೋಡಿದರೆ ಬೆನ್ನಿನ ಮೇಲೆ ದ್ರವ ಹರಿದ ಗೆರೆಗಳು ಮಾತ್ರ. ಗೆರೆಗಳ ನಡುವೆ ಕೊಳೆ ಹಾಗೇ ಕೂತಿತ್ತು.

ನನ್ನ ಮಟ್ಟಿಗೆ ಗೆದ್ದದ್ದು ಮೂರನೆಯ ದಾರಿ: ಎಂಜಿನ್ ಆರಿಸಿ, ತಣಿಯಲು ಬಿಟ್ಟು, ಗಾಳಿಯ ಕೊಳವೆಯ ಕ್ಲಾಂಪ್ ಸಡಿಲಿಸಿ ಪಕ್ಕಕ್ಕೆ ಸರಿಸಿ, ಬಟ್ಟೆಯಿಂದ ಒರೆಸುವುದು. ಥ್ರಾಟಲ್ ಬಾಡಿ ಗಾಡಿಯಲ್ಲೇ ಇರುತ್ತದೆ. ಕೇಬಲ್ ಸೇರುವ ತಿರುಗಣೆಯನ್ನು ಕೈಯಿಂದ ಪೂರ್ತಿ ತಿರುಗಿಸಿದರೆ ತಟ್ಟೆ ಅಡ್ಡ ಮಲಗುತ್ತದೆ, ಬೆನ್ನು ಕೈಗೆ ಸಿಗುತ್ತದೆ. ಸ್ಪ್ರೇಯನ್ನು ಕೊಳವೆಯೊಳಗೆ ಹೊಡೆಯದೆ ಬಟ್ಟೆಗೆ ಹೊಡೆದುಕೊಳ್ಳುತ್ತೇನೆ. ಈ ಕೊಳೆ ಒಣ ಮಸಿಯಲ್ಲ. ಬಾಣಲೆಯ ತಳಕ್ಕೆ ಸುಟ್ಟು ಹಿಡಿದ ಎಣ್ಣೆಯ ಹಾಗೆ ಅಂಟು. ಮೊದಲ ಒರೆಸಿಗೆ ಬಟ್ಟೆ ಕಂದಾಗುತ್ತದೆ, ಎರಡನೆಯದಕ್ಕೆ ಕಪ್ಪಾಗುತ್ತದೆ, ಅಕ್ಷ ಕೊಳವೆಯೊಳಕ್ಕೆ ಹೊಕ್ಕುವ ಎರಡು ಮೂಲೆಗಳಲ್ಲಿ ಮಾತ್ರ ಪಟ್ಟು ಬಿಡುವುದಿಲ್ಲ. ಅಲ್ಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಸರಿ. ಹಿತ್ತಾಳೆ ತಂತಿಯ ಬ್ರಷ್ ಬೇಡ, ಗೀರು ಬೀಳುತ್ತದೆ. ಮುಚ್ಚಿದ ತಟ್ಟೆಯ ಅಂಚು ಕೊಳವೆಯನ್ನು ತಾಗುವ ಕಡೆ ಒಂದು ಕಪ್ಪು ಉಂಗುರ ಕಟ್ಟಿರುತ್ತದೆ. ಪೆಡಲ್ ಅಂಟುತ್ತಿದ್ದುದು ಅದರಿಂದಲೇ. ಆ ಉಂಗುರ ಹೋದ ಕ್ಷಣ ತಿರುಗಣೆ ಬೆರಳಿಗೆ ಹಗುರವಾದದ್ದು ಗೊತ್ತಾಗುತ್ತದೆ.

ಕೇಬಲ್ ಇಲ್ಲದೆ ಮೋಟಾರಿನಿಂದ ತಿರುಗುವ ಥ್ರಾಟಲ್ ಆಗಿದ್ದರೆ ಈ ಸ್ವಾತಂತ್ರ್ಯವಿಲ್ಲ. ತಟ್ಟೆಯನ್ನು ಬಲವಂತವಾಗಿ ತಳ್ಳಿದರೆ ಒಳಗಿನ ಹಲ್ಲುಚಕ್ರಗಳು ಕೆಡಬಹುದು, ಇಗ್ನಿಷನ್ ಆನ್ ಇದ್ದರೆ ಬೆರಳೇ ಸಿಕ್ಕಿಕೊಳ್ಳಬಹುದು. ಅಂಥ ಗಾಡಿಗೆ ಅದರ ಕೈಪಿಡಿ ಹೇಳಿದಂತೆಯೇ ನಡೆಯಬೇಕು.

ಪೂರ್ತಿ ಕಳಚಿ ಮೇಜಿನ ಮೇಲಿಟ್ಟು ತೊಳೆಯುವುದು ನಾಲ್ಕನೆಯ ದಾರಿ. ಫಲಿತಾಂಶದಲ್ಲಿ ಇದೇ ಅತ್ಯುತ್ತಮ, ಅನುಮಾನವಿಲ್ಲ. ಐಡಲ್ ಕಂಟ್ರೋಲ್ ಕವಾಟದ ಕಿರುದಾರಿ ಕಣ್ಣಿಗೆ ಕಾಣುವುದು ಆಗಲೇ. ಆದರೆ ಬೋಲ್ಟ್ ಬಿಚ್ಚಿದರೆ ಹೊಸ ಗ್ಯಾಸ್ಕೆಟ್ ಬೇಕು; ಎಷ್ಟೋ ಗಾಡಿಗಳಲ್ಲಿ ಕೂಲಂಟ್ ಹೋಸ್‌ಗಳೂ ಇಲ್ಲಿಗೇ ಬಂದು ಸೇರಿರುವುದರಿಂದ ಅವನ್ನೂ ಕಟ್ಟಿ ಬಿಚ್ಚಬೇಕು; ತಟ್ಟೆ ಎಷ್ಟು ತೆರೆದಿದೆ ಎಂದು ತಿಳಿಸುವ ಥ್ರಾಟಲ್ ಪೊಸಿಷನ್ ಸೆನ್ಸರ್ ಒದ್ದೆಯಾಗದಂತೆ ಕಾಯಬೇಕು. ಒರೆಸುವ ಕೆಲಸ ಒಂದು ಗಂಟೆಯೊಳಗೆ ಮುಗಿದರೆ ಇದಕ್ಕೆ ಅರ್ಧ ದಿನ ಎತ್ತಿಡಬೇಕು. ವರ್ಷಾನುಗಟ್ಟಲೆ ಯಾರೂ ಮುಟ್ಟದ ಗಾಡಿಗೆ, ಇಲ್ಲವೇ ಒರೆಸಿದ ಮೇಲೂ ಐಡ್ಲಿಂಗ್ ಏರಿಳಿಯುವ ಗಾಡಿಗೆ ಮಾತ್ರ ಇಷ್ಟು ಶ್ರಮ ಸಲ್ಲುತ್ತದೆ.

ಇನ್ನು ಡಬ್ಬಿಗಳು. ವೇಗದಲ್ಲಿ ಕಾರ್ಬುರೇಟರ್ ಕ್ಲೀನರ್‌ಗೆ ಸಾಟಿಯಿಲ್ಲ. ಮಸಿ ಕರಗಿ ಇಳಿಯುವುದು ಕಾಣುತ್ತದೆ. ತೊಂದರೆಯೆಂದರೆ ಅದು ಮಸಿಗೂ ಲೇಪನಕ್ಕೂ ಭೇದ ಮಾಡುವುದಿಲ್ಲ. ಕೆಲವು ಥ್ರಾಟಲ್‌ಗಳ ತಟ್ಟೆಗೂ ಕೊಳವೆಗೂ ಕಾರ್ಖಾನೆಯಲ್ಲೇ ಕಪ್ಪು ಲೇಪನ ಬಳಿದಿರುತ್ತಾರೆ. ಅದು ಸಂದನ್ನು ಮುಚ್ಚುತ್ತದೆ, ತಟ್ಟೆ ಅಂಟದಂತೆ ನೋಡಿಕೊಳ್ಳುತ್ತದೆ. 1990ರ ದಶಕದ ಎಷ್ಟೋ ಫೋರ್ಡ್ ಎಂಜಿನ್‌ಗಳ ಥ್ರಾಟಲ್ ಬಾಡಿಯ ಮೇಲೆ ‘ಶುಚಿಗೊಳಿಸಬೇಡಿ’ ಎಂಬ ಚೀಟಿ ಇರುವುದು ಇದೇ ಕಾರಣಕ್ಕೆ. ಕೊಳೆಯೆಂದು ಭಾವಿಸಿ ಲೋಹ ಹೊಳೆಯುವವರೆಗೆ ಉಜ್ಜಿದರೆ ಲೇಪನ ಹೋಗಿ, ಗಾಳಿ ಸೋರಿ, ಐಡ್ಲಿಂಗ್ ಹಳಿ ತಪ್ಪುತ್ತದೆ. ಬ್ರೇಕ್ ಕ್ಲೀನರ್ ನನಗೆ ಹಿಡಿಸಲೇ ಇಲ್ಲ: ಜಿಡ್ಡು ನೆನೆಯುವ ಮೊದಲೇ ಅದು ಆರಿಹೋಗುತ್ತದೆ. ಅದರಲ್ಲೂ ಕ್ಲೋರಿನ್ ಇರುವ ಬಗೆ ಬಿಸಿಗೆ ಸಿಕ್ಕರೆ ಫಾಸ್ಜೀನ್‌ನಂಥ ವಿಷಾನಿಲ ಹುಟ್ಟಬಹುದು. ಎಂಜಿನ್ ಬಳಿ ಅದು ಸುಳಿಯಲೇ ಬಾರದು. ಎಂಎಎಫ್ ಕ್ಲೀನರ್ ತೀರಾ ಸೌಮ್ಯ, ಸೆನ್ಸರ್‌ಗಷ್ಟೇ ಸಾಕು. ಥ್ರಾಟಲ್ ಬಾಡಿ ಕ್ಲೀನರ್ ನಿಧಾನಿ. ಹಚ್ಚಿ, ಒಂದೆರಡು ನಿಮಿಷ ನೆನೆಯಲು ಬಿಟ್ಟು, ಮತ್ತೆ ಒರೆಸಬೇಕು. ಆದರೂ ನನ್ನ ಕಪಾಟಿನಲ್ಲಿ ಉಳಿದದ್ದು ಅದೇ. ಹೇಗೂ ಒರೆಸುವುದು ಬಟ್ಟೆ ಎಂದಾದ ಮೇಲೆ ಡಬ್ಬಿಗೆ ಅಷ್ಟು ಅವಸರ ಯಾಕೆ?

ಕೆಲಸ ಮುಗಿಸಿ ಕೀಲಿ ತಿರುಗಿಸಿದಾಗ ಎಂಜಿನ್ ತುಸು ಸತಾಯಿಸಿ, ಬಿಳಿ ಹೊಗೆ ಉಗುಳಿ, ಐಡ್ಲಿಂಗ್ ಎತ್ತರದಲ್ಲಿ ನಿಂತರೆ ಗಾಬರಿ ಬೇಡ. ಮುಚ್ಚಿಹೋದ ಸಂದಿಗೆ ಹೊಂದಿಕೊಂಡು ಹೆಚ್ಚು ಗಾಳಿ ಬಿಡುವುದನ್ನು ಎಂಜಿನ್‌ನ ಕಂಪ್ಯೂಟರ್ ಕಲಿತಿರುತ್ತದೆ. ಸ್ವಲ್ಪ ಓಡಿಸಿದರೆ ಹೊಸ ಪಾಠ ಕಲಿಯುತ್ತದೆ. ಅಷ್ಟರೊಳಗೆ ಅವಸರಪಟ್ಟು ತಟ್ಟೆಯ ನಿಲುಗಡೆಯ ಸ್ಕ್ರೂ ತಿರುಗಿಸಬಾರದು. ಅದನ್ನು ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ.

ಒರೆಸಿದ ಕೆಲವೇ ತಿಂಗಳಿಗೆ ತಟ್ಟೆಯ ಬೆನ್ನು ಮತ್ತೆ ಜಿಡ್ಡಾಗಿದ್ದರೆ ಇನ್ನೊಂದು ಡಬ್ಬಿ ತರುವ ಮೊದಲು ಪಿಸಿವಿ ಕವಾಟವನ್ನು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಒಳಗೆ ಟಕಟಕ ಸದ್ದು ಬರಬೇಕು. ಬಾರದಿದ್ದರೆ ಕವಾಟ ಅಂಟಿಕೊಂಡಿದೆ, ಬದಲಾಯಿಸಬೇಕು.