ಮಾತ್ರೆಯಿಂದ ಮೈ ಸುಲಿದರೆ: 1800-180-3024 ಸಹಾಯವಾಣಿ ಎಷ್ಟು ಉಪಯೋಗ?

ಔಷಧದಿಂದ ತೊಂದರೆಯಾದರೆ ವರದಿ ಕೊಡಲು ವೈದ್ಯರೇ ಆಗಬೇಕಿಲ್ಲ, ರೋಗಿಯ ಮನೆಯವರೂ ಕೊಡಬಹುದು. ಅದಕ್ಕೆಂದೇ ಇರುವ ಉಚಿತ ಸಹಾಯವಾಣಿ ಇದು. ಔಷಧಗಳ ಅಡ್ಡಪರಿಣಾಮದ ಮೇಲೆ ನಿಗಾ ಇಡಲು 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ನಂಬರ್ ಇದು; ಆ ಕಾರ್ಯಕ್ರಮವನ್ನು ಔಷಧಗಳ ಗುಣಮಟ್ಟ ನಿಗದಿಪಡಿಸುವ ಕೇಂದ್ರ ಸಂಸ್ಥೆಯಾದ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನೋಡಿಕೊಳ್ಳುತ್ತದೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಪ್ರತಿ ಮೆಡಿಕಲ್ ಶಾಪಿನ ಗಲ್ಲಾ ಪಕ್ಕದಲ್ಲೂ ಅಂಟಿಸಿಡಬೇಕಾದ ನಂಬರ್.

ಆದರೆ ಇದು ತುರ್ತು ನಂಬರ್ ಅಲ್ಲ. ಕೆಲಸದ ದಿನ ಬೆಳಿಗ್ಗೆ 9ರಿಂದ ಸಂಜೆ 5.30ರವರೆಗೆ ಮಾತ್ರ. ಹೆಚ್ಚಾಗಿ ಔಷಧದಿಂದಲೇ ಬರುವ, ಮೈ ಸುಲಿಯುವ ತೀವ್ರ ಕಾಯಿಲೆ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಅಷ್ಟು ಹೊತ್ತು ಕಾಯುವುದಿಲ್ಲ. ಮೊದಲು ಜ್ವರ, ಗಂಟಲುನೋವು, ಕಣ್ಣುರಿ. ಒಂದೆರಡು ದಿನಕ್ಕೆ ಮುಖ, ಎದೆಯ ಮೇಲೆ ಮುಟ್ಟಿದರೆ ನೋಯುವ ಕೆಂಗಪ್ಪು ಕಲೆಗಳು, ತುಟಿ-ಬಾಯಲ್ಲಿ ಹುಣ್ಣು, ಗುಳ್ಳೆ, ಕೊನೆಗೆ ಚರ್ಮವೇ ಸುಲಿಯುವುದು. ಸುಲಿದ ಭಾಗ ಮೈಯ ಶೇ 10 ದಾಟಿದರೆ ಸುಟ್ಟಗಾಯದ ರೋಗಿಗೆ ಕೊಡುವಂಥ ಆರೈಕೆಯೇ ಬೇಕು. ಮಲೆನಾಡಿನಲ್ಲಿ ಜ್ವರವೆಂದರೆ ಮಂಗನ ಕಾಯಿಲೆ, ಇಲಿಜ್ವರ, ಡೆಂಗಿ ನೆನಪಾಗುವುದು ಸಹಜ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇರಲಿ: ಕಳೆದ ಎರಡು ತಿಂಗಳಲ್ಲಿ ಹೊಸ ಮಾತ್ರೆ ಶುರುವಾಗಿದೆಯೇ? ಈ ಸಿಂಡ್ರೋಮ್ ಹೆಚ್ಚಾಗಿ ಮಾತ್ರೆ ಶುರುವಾದ 4ರಿಂದ 28 ದಿನದೊಳಗೆ ಕಾಣಿಸುತ್ತದೆ. ಫಿಟ್ಸಿನ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್, ಗೌಟಿನ ಅಲೊಪ್ಯೂರಿನಾಲ್, ಸೋಂಕಿಗೆ ಕೊಡುವ ಸಲ್ಫಾ ಮಾತ್ರೆಗಳ ಮೇಲೆ ಮೊದಲ ಅನುಮಾನ. ಮುಂದಿನ ಡೋಸ್ ನುಂಗದೆ ಅದೇ ಹೊತ್ತಿಗೆ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಫಿಟ್ಸ್ ಮಾತ್ರೆಯಾದರೆ ಬದಲಿ ಔಷಧವೂ ಬೇಕಾಗುವುದರಿಂದ, ಮಾತ್ರೆ ಬಿಟ್ಟು ಮನೆಯಲ್ಲೇ ಕೂರುವುದು ಇನ್ನೊಂದು ಅಪಾಯ. ವಾಹನಕ್ಕೆ 108. ವರದಿ ಆಮೇಲೆ.

ವರದಿಗೆ ನಾಲ್ಕು ಸಂಗತಿ ಇರಲೇಬೇಕು: ರೋಗಿಯ ವಿವರ, ಆದ ತೊಂದರೆ, ಅನುಮಾನದ ಔಷಧ, ವರದಿ ಕೊಡುವವರ ವಿವರ. ರೋಗಿಯ ಗುರುತನ್ನು ಗುಟ್ಟಾಗಿಡುತ್ತಾರೆ. ಸಾರ್ವಜನಿಕರ ಫಾರಂ ಕನ್ನಡದಲ್ಲೂ ಇದೆ, ಇದು ದೊಡ್ಡ ಅನುಕೂಲ. ವರದಿಯ ಜೀವ ಇರುವುದು ತಾರೀಖಿನಲ್ಲಿ. ಮಾತ್ರೆ ಶುರುವಾದ ದಿನ, ಮೊದಲ ಕಲೆ ಕಂಡ ದಿನ, ಮಾತ್ರೆ ನಿಲ್ಲಿಸಿದ ದಿನ, ಇವಿಲ್ಲದಿದ್ದರೆ ಯಾವ ಔಷಧ ಕಾರಣವೆಂದು ಅಳೆಯುವುದು ಕಷ್ಟ. ನಾಟಿ ಔಷಧ, ಕಷಾಯ, ಅಂಗಡಿಯಿಂದ ತಂದ ನೋವಿನ ಗುಳಿಗೆ, ಎಲ್ಲವನ್ನೂ ಮುಚ್ಚಿಡದೆ ಬರೆಸಿ.

ಎಡವುವುದು ಸ್ಟ್ರಿಪ್ಪಿನಲ್ಲಿ. ಹತ್ತರ ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟಾಗ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುವ ತುದಿ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಬಿಲ್ ಕೇಳಿ ಪಡೆಯಿರಿ, ಕತ್ತರಿಸುವ ಮುಂಚೆ ಪೂರ್ತಿ ಸ್ಟ್ರಿಪ್ಪಿನ ಹಿಂಬದಿಯ ಫೋಟೊ ತೆಗೆದುಕೊಳ್ಳಿ.

ಇಂಥ ವರದಿಗಳು ಫೈಲಿನಲ್ಲಿ ಕೊಳೆಯುತ್ತವೆ ಎನ್ನುವವರಿಗೆ ಒಂದು ಉದಾಹರಣೆ: ಮುಟ್ಟಿನ ನೋವಿಗೆ ಮನೆಮನೆಯಲ್ಲೂ ಬಳಕೆಯಾಗುವ ಮೆಫೆನಾಮಿಕ್ ಆಸಿಡ್‌ನಿಂದ ಡ್ರೆಸ್ (DRESS) ಎಂಬ, ಜ್ವರ, ಚರ್ಮದ ದದ್ದಿನ ಜೊತೆ ಒಳ ಅಂಗಗಳಿಗೂ ತೊಂದರೆ ಕೊಡುವ ತೀವ್ರ ಪ್ರತಿಕ್ರಿಯೆ ಆಗಬಹುದೆಂದು ಕಮಿಷನ್ 2023ರ ಕೊನೆಗೆ ಎಚ್ಚರಿಸಿದ್ದು ಹೀಗೆ ಬಂದ ವರದಿಗಳನ್ನು ನೋಡಿಯೇ.

ಫೋನಿನ ಸಮಯ ಇನ್ನಷ್ಟು ವಿಸ್ತರಿಸಬೇಕು, ಅದೊಂದೇ ನನ್ನ ತಕರಾರು. ಡಿಸ್ಚಾರ್ಜ್ ಆಗುವಾಗ ಕಾರಣವಾದ ಔಷಧದ ಹೆಸರನ್ನು ಬ್ರ್ಯಾಂಡ್ ಹೆಸರಿನ ಬದಲು ಮೂಲ (ಜನರಿಕ್) ಹೆಸರಿನಲ್ಲೇ ಚೀಟಿಯಲ್ಲಿ ಬರೆಸಿ ಪರ್ಸಿನಲ್ಲಿಡಿ. ಕಾರ್ಬಮಜೆಪಿನ್ ಆಗದವರಿಗೆ ಫೆನಿಟಾಯಿನ್, ಫೆನೊಬಾರ್ಬಿಟಲ್ ಕೂಡ ಆಗದಿರಬಹುದು. ಆ ಎರಡು ಹೆಸರನ್ನೂ ಅದೇ ಚೀಟಿಗೆ ಸೇರಿಸಲು ಹೇಳಿ.