ಜೀಬ್ರಾ ಮೀನೋ, ಮೆಡಾಕವೋ: ಅಂಗಾಂಶಗಳು ಬೇರೆಯಾಗುವುದನ್ನು ನೋಡಲು ಯಾವ ಮೊಟ್ಟೆ?

ಮೀನಿನ ಮೊಟ್ಟೆಯೊಳಗೆ ಒಂದೇ ಥರ ಕಾಣುವ ಜೀವಕೋಶಗಳ ರಾಶಿ ನೋಡನೋಡುತ್ತಲೇ ಎರಡಾಗುತ್ತದೆ. ನಡುವೆ ಬೈತಲೆ ತೆಗೆದ ಹಾಗೆ ಒಂದು ಗೆರೆ ಮೂಡುತ್ತದೆ. ಆ ಗೆರೆ ಮೂಡುವುದನ್ನು ಕಣ್ಣಾರೆ ನೋಡಲು ನಾನು ಎರಡು ಮೀನುಗಳ ಮೊಟ್ಟೆ ಇಟ್ಟುಕೊಂಡು ತಿಂಗಳುಗಟ್ಟಲೆ ಮೈಕ್ರೋಸ್ಕೋಪಿನ ಮುಂದೆ ಕೂತಿದ್ದೇನೆ. ಒಂದು ಜೀಬ್ರಾ ಮೀನು, ಇನ್ನೊಂದು ಜಪಾನಿನ ಮೆಡಾಕ.

ಜೀಬ್ರಾ ಮೀನು ನಮ್ಮ ದೇಶದ ಹೊಳೆ, ಗದ್ದೆಗಳದ್ದೇ. 1822ರಲ್ಲಿ ಇದನ್ನು ಮೊದಲು ವಿವರಿಸಿದವರು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. 1800ರಲ್ಲಿ ಮೈಸೂರು, ಕೆನರಾ ಸೀಮೆ ಸುತ್ತಿ ಊರೂರಿನ ಬೆಳೆ ಬದುಕು ಬರೆದಿಟ್ಟ ಬುಕಾನನ್ ಅಂದರೆ ಇವರೇ.

ಸಾಕುವುದು ಸುಲಭ. ಸಂಜೆ ಗಂಡು ಹೆಣ್ಣಿನ ನಡುವೆ ಒಂದು ತಡೆ ಇಡಬೇಕು. ಬೆಳಗ್ಗೆ ದೀಪ ಹಾಕಿ ತಡೆ ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ತಳದಲ್ಲಿ ನೂರಾರು ಮೊಟ್ಟೆ. ಒಂದೊಂದೂ ಸುಮಾರು 0.7 ಮಿಲಿಮೀಟರ್. ಗಾಜಿನ ಮಣಿಯಷ್ಟು ತಿಳಿ. 28.5 ಡಿಗ್ರಿಯಲ್ಲಿಟ್ಟರೆ ಮುಕ್ಕಾಲು ಗಂಟೆಗೆ ಮೊದಲ ಕೋಶ ಒಡೆದು ಎರಡಾಗುತ್ತದೆ. ಆಮೇಲೆ ಕಾಲು ಗಂಟೆಗೊಂದು ಸಲ.

ನನಗೆ ಬೇಕಾದ ಗಳಿಗೆ ಬರುವುದು ಮೊಟ್ಟೆ ಇಟ್ಟ 6ನೇ ಗಂಟೆಗೆ. ಅಷ್ಟರಲ್ಲಿ ಕೋಶಗಳ ಹಾಳೆ ಮೊಟ್ಟೆಯ ಹಳದಿಯ ಮೇಲೆ ಟೋಪಿ ಎಳೆದ ಹಾಗೆ ಅರ್ಧದವರೆಗೆ ಇಳಿದಿರುತ್ತದೆ. ಟೋಪಿಯ ಅಂಚಿನಲ್ಲಿ ಕೋಶಗಳು ಒಳಗೆ ಮಡಚಿಕೊಳ್ಳುತ್ತವೆ. ಈಗ ಎರಡು ಪದರ. ಹೊರಗಿನದು ಮುಂದೆ ಚರ್ಮ ಮತ್ತು ಮೆದುಳು. ಒಳಗಿನದು ಸ್ನಾಯು, ರಕ್ತ, ಕರುಳು. ಹೊರಪದರ ಕೆಳಗೆ ಇಳಿಯುತ್ತಲೇ ಇರುತ್ತದೆ. ಒಳಗೆ ಹೋದ ಕೋಶಗಳು ಅದರ ಒಳಮೈಯನ್ನೇ ಹಿಡಿದುಕೊಂಡು ಮೇಲಕ್ಕೆ ಹೊರಡುತ್ತವೆ. ಎದುರುಬದುರು ಸಾಗುತ್ತವೆ, ಮೈಗೆ ಮೈ ತಾಗುತ್ತದೆ, ಆದರೂ ಬೆರೆಯುವುದಿಲ್ಲ! ಕಣಕ ಮತ್ತು ಹೂರಣದ ಹಾಗೆ. ನಡುವೆ ಕೂದಲೆಳೆಯಷ್ಟು ಸೀಳು ಕಾಣುತ್ತದೆ. ಮೊದಲ ಸಲ ಅದನ್ನು ಕಂಡ ದಿನ ನಾನು ಊಟಕ್ಕೂ ಏಳಲಿಲ್ಲ.

ಮೆಡಾಕದಲ್ಲಿ ಇದೇ ದೃಶ್ಯ ನೋಡಲು ನಾನು ತುಂಬಾ ಕಷ್ಟಪಟ್ಟೆ. ಹೆಣ್ಣು ಮೀನು ದಿನವೂ ಮೊಟ್ಟೆ ಇಡುತ್ತದೆ, ಆ ಮಟ್ಟಿಗೆ ಧಾರಾಳಿ. ಇಟ್ಟ ಮೊಟ್ಟೆ ಗೊಂಚಲಾಗಿ ಅದರ ಹೊಟ್ಟೆಗೇ ನೂಲಿನಿಂದ ಅಂಟಿಕೊಂಡಿರುತ್ತದೆ. ಮೆಲ್ಲಗೆ ಬಿಡಿಸಿಕೊಳ್ಳಬೇಕು. ಮೊಟ್ಟೆಯ ಹೊರಚಿಪ್ಪು ಮಾತ್ರ ಬಲು ಗಟ್ಟಿ, ಮೇಲೆ ರೋಮ ಬೇರೆ. ಜೀಬ್ರಾ ಮೀನಿನದಾದರೆ ಎರಡು ಚಿಮಟಿಗೆಯಲ್ಲಿ ಹರಿದುಬಿಡಬಹುದು. ಇದನ್ನು ಮೊದಲು ನಯವಾದ ಸ್ಯಾಂಡ್ ಪೇಪರಿನ ಮೇಲೆ ಹೊರಳಿಸಿ, ಆಮೇಲೆ ಚಿಪ್ಪು ಕರಗಿಸುವ ಎಂಜೈಮಿನಲ್ಲಿ ನೆನೆಸಬೇಕು. ಮೊದಮೊದಲು ನನ್ನ ಕೈಯಲ್ಲಿ ಹತ್ತರಲ್ಲಿ ಏಳೆಂಟು ಒಡೆದು ಹೋದವು.

ಇಷ್ಟಾದ ಮೇಲೂ ಹಳದಿಯಲ್ಲಿರುವ ಎಣ್ಣೆಯ ಹನಿಗಳು ಬೆಳಕಿಗೆ ಅಡ್ಡ ಬರುತ್ತವೆ. ಜೊತೆಗೆ ಮೊಟ್ಟೆ ಅಲೆಅಲೆಯಾಗಿ ಸಂಕುಚಿಸುತ್ತದೆ. ಫೋಟೋ ತೆಗೆಯುವಷ್ಟರಲ್ಲಿ ಗೆರೆ ಜಾಗ ಬದಲಿಸಿರುತ್ತದೆ. ಹೆಪ್ಟನಾಲ್ ಎಂಬ ರಾಸಾಯನಿಕ ಹಾಕಿದರೆ ಈ ಅಲೆ ನಿಲ್ಲುತ್ತದೆ, ನಿಜ. ಆದರೆ ಸುಮ್ನೆ ಬೆಳೆಯುವ ಭ್ರೂಣವನ್ನು ನೋಡಲು ಬಂದವಳಿಗೆ ಅದಕ್ಕೆ ಮದ್ದು ಹಾಕುವುದು ಸಮಾಧಾನ ಕೊಡಲಿಲ್ಲ. ಪದರಗಳ ವಿಷಯದಲ್ಲಿ ನನ್ನ ಮತ ಜೀಬ್ರಾ ಮೀನಿಗೇ.

ಸೋಮೈಟಿಗೆ ಬಂದರೆ ಮಾತು ಬೇರೆ. ಬೆನ್ನಿನುದ್ದಕ್ಕೆ ಇಟ್ಟಿಗೆ ಜೋಡಿಸಿದಂತೆ ಮೂಡುವ ಈ ತುಂಡುಗಳಿಂದಲೇ ಮುಂದೆ ಸ್ನಾಯು ಮತ್ತು ಬೆನ್ನುಮೂಳೆ. ಜೀಬ್ರಾ ಮೀನಿನಲ್ಲಿ 10ನೇ ಗಂಟೆ ದಾಟಿದ ಮೇಲೆ ಸುಮಾರು ಅರ್ಧ ಗಂಟೆಗೊಂದು ಜೋಡಿ. ಮೆಡಾಕದಲ್ಲಿ ಸುಮಾರು ಒಂದು ಗಂಟೆಗೊಂದು. ಈ ನಿಧಾನವೇ ನನಗೆ ಬೇಕಾಗಿತ್ತು. ಎರಡು ತುಂಡುಗಳ ನಡುವಿನ ಗೆರೆಯ ಒಂದು ಬದಿಯ ಕೋಶಗಳ ಮೈಮೇಲೆ ಎಫ್ರಿನ್ ಅನ್ನುವ ಪ್ರೋಟೀನು, ಇನ್ನೊಂದು ಬದಿಯಲ್ಲಿ ಅದನ್ನು ಗುರುತಿಸುವ ರಿಸೆಪ್ಟರ್. ಎರಡೂ ಸೋಕಿದರೆ ಕೋಶಗಳು ಹಿಂದೆ ಸರಿಯುತ್ತವೆ. ಬಿಟ್ಟ ಸಂದಿಯಲ್ಲಿ ಫೈಬ್ರೋನೆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ನಾರು ಕೂಡುತ್ತದೆ. ಅಂಚಿನ ಕೋಶಗಳು ಉದ್ದವಾಗಿ ಸಾಲು ನಿಲ್ಲುತ್ತವೆ. ಪ್ರೋಟೀನು, ನಾರು ಸಾಧಾರಣ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ. ಕೋಶ ಸರಿಯುವುದು, ಸಾಲಾಗುವುದು ಮೆಡಾಕದಲ್ಲಿ ಒಂದೊಂದಾಗಿ ಕಂಡಿತು. ಜೀಬ್ರಾದಲ್ಲಿ ಫೋಕಸ್ ತಿದ್ದುವಷ್ಟರಲ್ಲಿ ಮುಂದಿನ ಗೆರೆ ಶುರುವಾಗಿರುತ್ತಿತ್ತು.

ಚಳಿಗೂ ಮೆಡಾಕ ಜಗ್ಗುವುದಿಲ್ಲ. ಒಂದು ರಾತ್ರಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾಯಿತು. ಬೆಳಗ್ಗೆ ಜೀಬ್ರಾ ಭ್ರೂಣಗಳಲ್ಲಿ ಬಹಳಷ್ಟು ಸೊಟ್ಟಗಾಗಿದ್ದವು. ಮೆಡಾಕಗಳು ಹಿಂದೆ ಬಿದ್ದಿದ್ದವು ಅಷ್ಟೇ, ಆಕಾರ ಕೆಟ್ಟಿರಲಿಲ್ಲ. ಆಮೇಲೆ ನಾನೇ ಬೇಕೆಂದು 18 ಡಿಗ್ರಿಯಲ್ಲಿಟ್ಟು, ಮನೆಗೆ ಹೋಗಿ ಮಲಗಿ ಬಂದಿದ್ದೇನೆ. ಜೀಬ್ರಾ ಮೀನಿನ ಜೊತೆ ಅದು ಆಗದ ಮಾತು.

ಹಾಗಿದ್ದೂ ಒಂದೇ ಮೀನು ಇಟ್ಟುಕೊಳ್ಳಿ ಅಂದರೆ ನಾನು ಜೀಬ್ರಾ ಮೀನನ್ನೇ ಇಟ್ಟುಕೊಳ್ಳುತ್ತೇನೆ. ಕಾರಣ ಅದರ ಮ್ಯೂಟೆಂಟುಗಳು, ಅಂದರೆ ಯಾವುದೋ ಒಂದು ಜೀನ್ ಕೆಟ್ಟಿರುವ ಮೀನುಗಳು. ಜರ್ಮನಿಯ ಟ್ಯೂಬಿಂಗೆನ್ ಮತ್ತು ಅಮೆರಿಕದ ಬೋಸ್ಟನ್ ತಂಡಗಳು ಸಾವಿರಾರು ಮ್ಯೂಟೆಂಟುಗಳನ್ನು ಹುಡುಕಿ 1996ರಲ್ಲಿ ಒಟ್ಟಿಗೆ ಪ್ರಕಟಿಸಿದವು. ಮೆಡಾಕದಲ್ಲೂ ಇವೆ. ಆದರೆ ನನ್ನ ಪ್ರಶ್ನೆಗೆ ಬೇಕಾದದ್ದು ಸಿಕ್ಕಿದ್ದು ಜೀಬ್ರಾದಲ್ಲಿ. ಅದರ ಹೆಸರು ಫ್ಲೋಟಿಂಗ್ ಹೆಡ್.

ಸಾಮಾನ್ಯ ಭ್ರೂಣದಲ್ಲಿ ಎಡ ಬಲದ ಸೋಮೈಟುಗಳ ನಡುವೆ ನೋಟೋಕಾರ್ಡ್ ಎಂಬ ದಂಡ ಇರುತ್ತದೆ. ನಾಣ್ಯ ಪೇರಿಸಿಟ್ಟ ಹಾಗೆ ಕಾಣುತ್ತದೆ, ಎರಡೂ ಅಂಚು ಗೆರೆ ಹೊಡೆದಷ್ಟು ಸ್ಪಷ್ಟ. ಫ್ಲೋಟಿಂಗ್ ಹೆಡ್ ಜೀನ್ ಕೆಟ್ಟರೆ ಆ ದಂಡವಾಗಬೇಕಿದ್ದ ಕೋಶಗಳು ಸ್ನಾಯುವಿನ ದಾರಿ ಹಿಡಿಯುತ್ತವೆ. ದೋಷದ ಜೀನ್ ಒಂದೊಂದು ಪ್ರತಿ ಹೊತ್ತ ಗಂಡು ಹೆಣ್ಣನ್ನು ಕೂಡಿಸಿದೆ. ಲೆಕ್ಕದ ಪ್ರಕಾರ ಮರಿಗಳಲ್ಲಿ ನಾಲ್ಕರಲ್ಲೊಂದು ಹಾಗಿರಬೇಕು. ಮಾರನೆಯ ದಿನ ಒಂದೊಂದನ್ನೇ ಅಗರೋಸ್ ಎಂಬ ಜೆಲ್ಲಿಯಲ್ಲಿ ಮಲಗಿಸಿ ನೋಡುತ್ತಾ ಹೋದೆ. ದಂಡ, ದಂಡ, ದಂಡ. ಆರನೆಯದರಲ್ಲಿ ಅದು ಇರಲಿಲ್ಲ. ಎಡ ಬಲದ ಸೋಮೈಟುಗಳು ನಡುವಿನಲ್ಲಿ ಒಂದಕ್ಕೊಂದು ಕೂಡಿಹೋಗಿದ್ದವು. ಎಷ್ಟು ಫೋಕಸ್ ತಿರುಗಿಸಿದರೂ ಅಲ್ಲಿ ಗೆರೆ ಸಿಗಲಿಲ್ಲ.