ಅಂಬಾಸಿಡರ್ ತಳದ ತುಕ್ಕು: ರೆಡ್ ಆಕ್ಸೈಡ್, ಕನ್ವರ್ಟರ್, ಹೊಸ ತಗಡು – ಯಾವುದು ಎಲ್ಲಿಗೆ?

ಮೂರನ್ನೂ ಹಚ್ಚಿ, ಕತ್ತರಿಸಿ ನೋಡಿದ ಮೇಲೆ ಹೇಳುವ ಮಾತಿದು: ನೀರು ಬರುವ ದಾರಿ ಮುಚ್ಚದೆ ತಗಡಿಗೆ ಕೈ ಹಾಕಿದರೆ ದುಡ್ಡು ದಂಡ. ದಾವಣಗೆರೆ, ಚಿತ್ರದುರ್ಗದ ಬಿಸಿಲಿಗೆ ಮುಂಗಾಜಿನ ರಬ್ಬರ್ ಒಣಗಿ ಮೂಲೆಯಲ್ಲಿ ಸೀಳುತ್ತದೆ. ಕರಾವಳಿಯಷ್ಟು ಮಳೆ ಇಲ್ಲಿಲ್ಲ, ಆದರೂ ನಾಲ್ಕು ಜೋರು ಮಳೆಗೆ ಮ್ಯಾಟ್ ಕೆಳಗಿನ ಫೆಲ್ಟ್ ನೆನೆದು ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ.

ಸೋರಿಕೆ ಹಿಡಿಯಲು ಗಾಜಿನ ಒಳ ಅಂಚಿಗೆ, ಡ್ಯಾಶ್‌ಬೋರ್ಡ್ ಕೆಳಗಿನ ತಗಡಿಗೆ ಟಾಲ್ಕಂ ಪೌಡರ್ ಬಳಿಯಿರಿ. ಹೊರಗಿನಿಂದ ಪೈಪಲ್ಲಿ ಸಣ್ಣಗೆ ನೀರು ಬಿಡಿ. ಕೆಳಗಿನಿಂದ ಮೇಲಕ್ಕೆ, ಒಂದೊಂದು ಜಾಗಕ್ಕೆ ಐದು ನಿಮಿಷ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಸಂದಿಗೂ ಇಳಿದು ಯಾವುದು ಸೋರಿತೆಂದೇ ತಿಳಿಯದು. ಪೌಡರ್ ಮೇಲೆ ಗೆರೆ ಎಲ್ಲಿಂದ ಶುರುವಾಗಿದೆಯೋ ಅಲ್ಲೇ ತೂತು. ವಿನೆಗರ್ ವಾಸನೆಯ ಸಿಲಿಕಾನ್ ಮಾತ್ರ ಹಚ್ಚಬೇಡಿ: ಒಣಗುವಾಗ ಅದು ಬಿಡುವ ಅಸಿಟಿಕ್ ಆಮ್ಲವೇ ತಗಡಿಗೆ ತುಕ್ಕು ಹಿಡಿಸುತ್ತದೆ. ಹೊಸ ರಬ್ಬರ್ ಹಾಕಿ, ಸಂದಿಗೆ ಗಟ್ಟಿಯಾಗದ ಬ್ಯುಟೈಲ್ ಸೀಲರ್ ತುಂಬಿಸಿ.

ಇನ್ನು ತುಕ್ಕು. ವೈರ್ ಬ್ರಷ್ ಹೊಡೆದು ರೆಡ್ ಆಕ್ಸೈಡ್ ಎಂಬ ಕೆಂಪು ಅಡಿಬಣ್ಣ ಬಳಿಯುವುದು ಅಗ್ಗ. ಆದರೆ ಗ್ರೈಂಡರ್‌ಗೆ ಹಾಕಿದ ಬ್ರಷ್ ಗುಳಿಯೊಳಗಿನ ತುಕ್ಕನ್ನು ಕೀಳುವುದಿಲ್ಲ, ಉಜ್ಜಿ ಹೊಳಪು ಕೊಡುತ್ತದೆ ಅಷ್ಟೇ. ಮೇಲೆ ಪೇಂಟ್ ಇಲ್ಲದ ರೆಡ್ ಆಕ್ಸೈಡ್ ತೇವವನ್ನೂ ತಡೆಯದು. ತಳಕ್ಕೆ ಇದನ್ನು ನಂಬಬೇಡಿ.

ಫಾಸ್ಫಾರಿಕ್ ಆಮ್ಲದ ಕನ್ವರ್ಟರ್, ಅಂದರೆ ತುಕ್ಕನ್ನೇ ಗಟ್ಟಿ ಕಪ್ಪು ಪದರವಾಗಿ ಬದಲಿಸುವ ದ್ರವ, ಗುಳಿಯೊಳಗೂ ಇಳಿಯುತ್ತದೆ. ಪದರು ತುಕ್ಕನ್ನು ಮೊದಲು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಮೇಲಿನದು ಕಪ್ಪಾಗಿ ಅಡಿಯದು ಹಾಗೇ ಉಳಿಯುತ್ತದೆ. ತೆಳುವಾಗಿ ಹಚ್ಚಿ, ಪೂರ್ತಿ ಒಣಗಲು ಬಿಡಿ. ಆಮ್ಲದ ಅಂಶ ಉಳಿದರೆ ಮೇಲೆ ಬಳಿಯುವ ಎಪಾಕ್ಸಿ ಪ್ರೈಮರ್ (ತೇವ ತಡೆಯುವ ಅಡಿಬಣ್ಣ) ಹಿಡಿಯದೆ ಚಕ್ಕೆಯಾಗಿ ಏಳುತ್ತದೆ; ತೊಳೆಯಬೇಕೋ ಬೇಡವೋ ಎಂಬುದನ್ನು ಡಬ್ಬಿಯ ಮೇಲೆ ಓದಿಕೊಳ್ಳಿ. ಗಟ್ಟಿ ತಗಡಿನ ಮೇಲ್ಮೈ ತುಕ್ಕಿಗೆ ನಮ್ಮ ಆಯ್ಕೆ ಇದೇ.

ಸ್ಕ್ರೂಡ್ರೈವರ್ ಮೊನೆ ಒತ್ತಿದಾಗ ತಗಡು ಕುಸಿದರೆ ಕತ್ತರಿಸುವುದೊಂದೇ ದಾರಿ. ತುಕ್ಕಿನಂಚಿನಿಂದ ಒಂದಿಂಚು ಆಚೆ, ಹೊಳೆಯುವ ಕಬ್ಬಿಣ ಸಿಗುವವರೆಗೆ ಕತ್ತರಿಸಿ. ತಳಕ್ಕೆ 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ ಸಾಕು. ಗ್ಯಾಸ್ ವೆಲ್ಡಿಂಗ್ ಶಾಖಕ್ಕೆ ತಗಡು ಅಲೆಯಂತೆ ಬಾಗುತ್ತದೆ. ಸಿಒಟು (ಮಿಗ್) ವೆಲ್ಡಿಂಗ್‌ನಲ್ಲಿ ಚುಕ್ಕೆ ಚುಕ್ಕೆಯಾಗಿ, ದೂರ ದೂರ ಹಾಕಿಸಿ. ಬ್ಯಾಟರಿ ಕಳಚಿ, ಫೆಲ್ಟ್ ತೆಗೆದು, ಪೆಟ್ರೋಲ್ ಪೈಪ್ ಬಿಚ್ಚಿಡಿ. ಅಂಬಾಸಿಡರ್‌ಗೆ ಜೀಪಿನಂತೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣ ವೆಲ್ಡ್ ಮಾಡಿಸದಿದ್ದರೆ ಮುಂದೆ ಬಾಗಿಲು ಕೂರುವುದೇ ಇಲ್ಲ.

ವೆಲ್ಡ್ ಆದ ಕಡೆ ಎರಡೂ ಬದಿಗೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಜೋಡಣೆಯ ಸಂದಿ ಮುಚ್ಚುವ ಸೀಮ್ ಸೀಲರ್, ಪೆಟ್ಟಿಗೆಯೊಳಗೆ ತುಕ್ಕು ತಡೆಯುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್. ಬಾಗಿಲ ತಳದ ನೀರಿಳಿಯುವ ತೂತುಗಳನ್ನು ಸೀಲರ್‌ನಿಂದ ಮುಚ್ಚಿಬಿಡುವ ಟಿಂಕರ್‌ಗಳಿದ್ದಾರೆ. ಗಾಡಿ ಬಿಡಿಸಿಕೊಳ್ಳುವ ಮುನ್ನ ತಂತಿ ತೂರಿಸಿ ನೋಡಿಕೊಳ್ಳಿ.